ಏಳು ಸಾವಿರ ಪುಟಗಳ ಗುಟ್ಟು, ಬಿಡಿಗಾಸಿನ ಖರ್ಚಿಲ್ಲದೆ

ಅಮೆರಿಕ ವಿಯೆಟ್ನಾಂ ಯುದ್ಧಕ್ಕೆ ಇಳಿದ ಬಗೆಯನ್ನು ಕುರಿತು ಅಲ್ಲಿನ ರಕ್ಷಣಾ ಇಲಾಖೆಯೇ ಗುಟ್ಟಾಗಿ ಬರೆಸಿದ, ‘ಪೆಂಟಗನ್ ಪೇಪರ್ಸ್’ ಎಂದು ಹೆಸರಾದ ವರದಿಯ ಕಥೆ ಇದು. ಅಮೆರಿಕದ ರಾಷ್ಟ್ರೀಯ ಪತ್ರಾಗಾರವು ಆ ವರದಿಯ ಪೂರ್ಣಪಾಠವನ್ನು ತನ್ನ ಜಾಲತಾಣದಲ್ಲಿ ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಇಟ್ಟಿದೆ. ಅದಕ್ಕೆ ಶುಲ್ಕವಿಲ್ಲ, ಹೆಸರು ನೋಂದಾಯಿಸುವ ಅಗತ್ಯವಿಲ್ಲ, ಯಾಕೆ ಬೇಕು ಎಂದು ಕೇಳುವವರೂ ಇಲ್ಲ. ಇತಿಹಾಸದ ಪಾಠ ಹೇಳಿ ನಿವೃತ್ತನಾದ ನಾನು ಈ ಮಳೆಗಾಲವನ್ನು ಈ ಕಡತಗಳ ಜೊತೆ ಕಳೆದೆ. ಪುಸ್ತಕವನ್ನೋ ಅಂಗಡಿಯನ್ನೋ ಅಳೆಯುವಂತೆಯೇ ಸಾರ್ವಜನಿಕ ಸೇವೆಯೊಂದನ್ನೂ ಅಳೆಯಬಹುದೆಂಬ ನಂಬಿಕೆಯಿಂದ ಈ ವಿಮರ್ಶೆ ಬರೆಯುತ್ತಿದ್ದೇನೆ. ಇದೇ ಕಾಗದಗಳನ್ನು ಅಚ್ಚು ಹಾಕಿದ್ದಕ್ಕಾಗಿ 1971ರಲ್ಲಿ ಪತ್ರಿಕೆಗಳು ನ್ಯಾಯಾಲಯದ ಕಟ್ಟೆ ಹತ್ತಬೇಕಾಯಿತು. ಇವನ್ನು ಹೊರಗೆ ಕೊಟ್ಟವನು 115 ವರ್ಷಗಳವರೆಗಿನ ಸೆರೆವಾಸದ ಸಾಧ್ಯತೆಯನ್ನು ಎದುರಿಸಬೇಕಾಯಿತು. ಆದ್ದರಿಂದ ಇಲ್ಲಿ ಕಡತಗಳ ಗುಣಮಟ್ಟವನ್ನು ಮಾತ್ರ ಹೇಳಿ ಮುಗಿಸುವಂತಿಲ್ಲ.

ಕಂಪ್ಯೂಟರಿನ ಪರದೆಯ ಮೇಲೆ ಹೆಚ್ಚು ಹೊತ್ತು ಓದಲು ನನ್ನ ಕಣ್ಣು ಒಪ್ಪುವುದಿಲ್ಲ. ಹಾಗಾಗಿ ಎರಡು ಭಾಗಗಳನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು ಮೈಸೂರಿನಲ್ಲಿ ನಮ್ಮ ಬೀದಿಯ ಕೊನೆಯಲ್ಲಿರುವ ಜೆರಾಕ್ಸ್ ಅಂಗಡಿಗೆ ಹೋದೆ. ಮೊದಲ ಹಾಳೆ ಯಂತ್ರದಿಂದ ಹೊರಬಂದಾಗ ಅಂಗಡಿಯ ಹುಡುಗ ಅದನ್ನು ಕೈಗೆತ್ತಿಕೊಂಡು ನೋಡಿ, ಮೇಲ್ತುದಿಯಲ್ಲಿದ್ದ ‘ಟಾಪ್ ಸೀಕ್ರೆಟ್ - ಸೆನ್ಸಿಟಿವ್’ ಎಂಬ ಮುದ್ರೆಯ ಮೇಲೆ ಬೆರಳಿಟ್ಟು, “ಸಾರ್, ಇದರಿಂದ ನಮಗೇನೂ ತೊಂದರೆ ಆಗಲ್ಲ ತಾನೇ?” ಎಂದು ಕೇಳಿದ. ಅದು ಬೇರೆ ದೇಶದ ಹಳೆಯ ಕಾಗದ, ಅಲ್ಲಿನ ಸರ್ಕಾರವೇ ಬಿಡುಗಡೆ ಮಾಡಿದ್ದು ಎಂದು ನಾನು ವಿವರಿಸಿದ ಮೇಲೂ ಅವನು ಒಳಗಿದ್ದ ಮಾಲೀಕರನ್ನು ಕೇಳಿ ಬಂದ ನಂತರವೇ ಉಳಿದ ಹಾಳೆಗಳನ್ನು ಮುದ್ರಿಸಿದ. ಅವನ ಅನುಮಾನವನ್ನು ನಾನು ಹಗುರವಾಗಿ ತೆಗೆದುಕೊಳ್ಳಲಾರೆ; ಕಾರಣವನ್ನು ಮುಂದೆ ಹೇಳುತ್ತೇನೆ. ಪುಟಕ್ಕೆ ಎರಡು ರೂಪಾಯಿಯ ಲೆಕ್ಕದಲ್ಲಿ ಇಡೀ ವರದಿಯನ್ನು ಮುದ್ರಿಸಿಕೊಂಡರೆ ಹದಿನಾಲ್ಕು ಸಾವಿರ ರೂಪಾಯಿ ಆಗುತ್ತದೆ ಎಂಬುದನ್ನೂ ಅಲ್ಲಿಯೇ ನಿಂತು ಲೆಕ್ಕಹಾಕಿದೆ.

ವರದಿಯ ಅಧಿಕೃತ ಹೆಸರು ಉದ್ದವಾಗಿದೆ: ರಕ್ಷಣಾ ಕಾರ್ಯದರ್ಶಿಯ ಕಚೇರಿಯ ವಿಯೆಟ್ನಾಂ ಕಾರ್ಯಪಡೆಯ ವರದಿ. ವಿಯೆಟ್ನಾಂ ಯುದ್ಧವನ್ನು ನಡೆಸುತ್ತಿದ್ದ ರಕ್ಷಣಾ ಕಾರ್ಯದರ್ಶಿ ರಾಬರ್ಟ್ ಮ್ಯಾಕ್‌ನಮಾರಾ ಅವರೇ 1967ರ ಜೂನ್ 17ರಂದು, ತಾವು ಈ ಯುದ್ಧದೊಳಕ್ಕೆ ಬಂದದ್ದು ಹೇಗೆ ಎಂಬುದನ್ನು ಕಡತಗಳ ಆಧಾರದಿಂದಲೇ ಬರೆದಿಡಬೇಕೆಂದು ಆದೇಶಿಸಿದರು. ಲೆಸ್ಲಿ ಗೆಲ್ಬ್ ಅವರ ನೇತೃತ್ವದಲ್ಲಿ ಮೂವತ್ತಾರು ಮಂದಿ ಕೆಲಸ ಮಾಡಿ 1969ರ ಜನವರಿ 15ರ ಹೊತ್ತಿಗೆ 47 ಸಂಪುಟಗಳನ್ನು ಮುಗಿಸಿದರು. ಅಷ್ಟರಲ್ಲಿ ಮ್ಯಾಕ್‌ನಮಾರಾ ಹುದ್ದೆ ಬಿಟ್ಟು, ಕ್ಲಾರ್ಕ್ ಕ್ಲಿಫರ್ಡ್ ಬಂದಿದ್ದರು. ಮೂರು ಸಾವಿರ ಪುಟಗಳಷ್ಟು ನಿರೂಪಣೆ, ನಾಲ್ಕು ಸಾವಿರ ಪುಟಗಳಷ್ಟು ಮೂಲ ದಾಖಲೆಗಳು. ಸಿದ್ಧವಾದದ್ದು ಹದಿನೈದೇ ಪ್ರತಿ. ಮುದ್ರೆಯಲ್ಲಿರುವ ‘ಸೆನ್ಸಿಟಿವ್’ ಎಂಬ ಮಾತನ್ನು ಓದುಗರು ಗಮನಿಸಬೇಕು. ಅದು ರಹಸ್ಯ ವರ್ಗೀಕರಣದ ಅಧಿಕೃತ ದರ್ಜೆಯಲ್ಲ. ಹೊರಗೆ ಬಂದರೆ ಮುಜುಗರವಾಗುತ್ತದೆ ಎಂಬುದಕ್ಕೆ ಅಧಿಕಾರಿಗಳು ಇಟ್ಟುಕೊಂಡಿದ್ದ ಮರ್ಯಾದೆಯ ಹೆಸರು ಅದು. ವರದಿಯ ಪ್ರತಿಯೊಂದು ಪುಟದ ಮೇಲೂ ದೇಶದ ಅಪಾಯ, ಅಧಿಕಾರಸ್ಥರ ಮುಜುಗರ ಎರಡೂ ಒಂದೇ ಸಾಲಿನಲ್ಲಿ ಅಚ್ಚಾಗಿ ಕುಳಿತಿವೆ.

ಹದಿನೈದು ಪ್ರತಿಗಳಲ್ಲಿ ಎರಡು, ರಕ್ಷಣಾ ಇಲಾಖೆಗೆ ಅಧ್ಯಯನ ಮಾಡಿಕೊಡುತ್ತಿದ್ದ ಕ್ಯಾಲಿಫೋರ್ನಿಯಾದ ರ್‍ಯಾಂಡ್ ಸಂಸ್ಥೆಯ ಪಾಲಿಗೆ ಬಂದಿದ್ದವು. ವರದಿ ಬರೆದವರಲ್ಲಿ ತಾನೂ ಒಬ್ಬನಾಗಿದ್ದ ಡೇನಿಯಲ್ ಎಲ್ಸ್‌ಬರ್ಗ್ ಅಲ್ಲಿ ಅದನ್ನು ಓದಿ, 1969ರ ಅಕ್ಟೋಬರ್‌ನಿಂದ ರಾತ್ರಿ ಹೊತ್ತು ಸಂಪುಟಗಳನ್ನು ಚೀಲದಲ್ಲಿ ಹೊರಗೆ ಒಯ್ದು, ಸ್ನೇಹಿತ ಆಂಥನಿ ರೂಸೊ ಅವರ ಜೊತೆ ಜಾಹೀರಾತು ಕಚೇರಿಯೊಂದರ ಜೆರಾಕ್ಸ್ ಯಂತ್ರದಲ್ಲಿ ಪುಟ ಪುಟವಾಗಿ ನಕಲು ತೆಗೆದರು. ಎಲ್ಸ್‌ಬರ್ಗ್ ಅವರ ಹದಿಮೂರು ವರ್ಷದ ಮಗ ಯಂತ್ರದ ಬಳಿ ನಿಂತು ನೆರವಾದ. ಹತ್ತು ವರ್ಷದ ಮಗಳು ಹಾಳೆಗಳ ಅಂಚಿನಲ್ಲಿದ್ದ ‘ಟಾಪ್ ಸೀಕ್ರೆಟ್’ ಎಂಬ ಪಟ್ಟಿಯನ್ನು ಕತ್ತರಿಯಿಂದ ಕತ್ತರಿಸಿ ತೆಗೆದಳು. ನಮ್ಮ ಬೀದಿಯ ಹುಡುಗ ಬೆರಳಿಟ್ಟು ತೋರಿಸಿದ್ದು ಅದೇ ಪಟ್ಟಿಯನ್ನು.

ಇನ್ನು ಆವೃತ್ತಿಗಳ ಮಾತು. 1971ರ ಜೂನ್ 13ರ ಭಾನುವಾರ ನ್ಯೂಯಾರ್ಕ್ ಟೈಮ್ಸ್ ತನ್ನ ಮೊದಲ ಕಂತನ್ನು ಪ್ರಕಟಿಸಿತು. ಅದೇ ದಿನದ ಮುಖಪುಟದಲ್ಲಿ ಅಧ್ಯಕ್ಷ ನಿಕ್ಸನ್ ಅವರ ಮಗಳ ಮದುವೆಯ ಚಿತ್ರವೂ ಇತ್ತು. ಆ ವರ್ಷದೊಳಗೆ ಮೂರು ಬಗೆಯ ಪುಸ್ತಕಗಳು ಬಂದವು. ಪತ್ರಿಕೆಯ ವರದಿಗಳನ್ನು ಒಟ್ಟುಮಾಡಿದ ಅಗ್ಗದ ಆವೃತ್ತಿಯೊಂದು. ಸೆನೆಟರ್ ಮೈಕ್ ಗ್ರಾವೆಲ್ ಅವರು ಕಟ್ಟಡ ಮತ್ತು ಮೈದಾನಗಳ ಉಪಸಮಿತಿಯ ಸಭೆಯನ್ನು ರಾತ್ರೋರಾತ್ರಿ ಕರೆದು ಓದಿ ಕಡತಕ್ಕೆ ಸೇರಿಸಿದ ಪಾಠವನ್ನು ಬೀಕನ್ ಪ್ರೆಸ್ ನಾಲ್ಕು ಸಂಪುಟಗಳಲ್ಲಿ ಅಚ್ಚುಹಾಕಿದ್ದು ಇನ್ನೊಂದು. ಸರ್ಕಾರವೇ ಅಲ್ಲಲ್ಲಿ ಕತ್ತರಿ ಆಡಿಸಿ ಹೊರತಂದ ಹನ್ನೆರಡು ಪುಸ್ತಕಗಳ ಆವೃತ್ತಿ ಮೂರನೆಯದು. ಯಾವುದೂ ಪೂರ್ಣವಾಗಿರಲಿಲ್ಲ. ಪತ್ರಾಗಾರವು ಮೊದಲ ಪ್ರಕಟಣೆಯ ನಲವತ್ತನೇ ವರ್ಷ ತುಂಬಿದ ದಿನ, ಅಂದರೆ 2011ರ ಜೂನ್ 13ರಂದು, ಕೆನಡಿ, ಜಾನ್ಸನ್, ನಿಕ್ಸನ್ ಅವರ ಹೆಸರಿನ ಅಧ್ಯಕ್ಷೀಯ ಗ್ರಂಥಾಲಯಗಳ ಜೊತೆಗೂಡಿ ಇಡೀ ವರದಿಯನ್ನು, 48 ಪೆಟ್ಟಿಗೆಗಳ ಸುಮಾರು 7,000 ಪುಟಗಳನ್ನು, ಒಂದು ಪದವನ್ನೂ ಮರೆಮಾಡದೆ ಬಿಡುಗಡೆ ಮಾಡಿತು. ಇದರಲ್ಲಿ ಶೇಕಡ 34ರಷ್ಟು ಭಾಗ ಮೊದಲ ಬಾರಿಗೆ ಹೊರಬಂದದ್ದು ಎಂಬುದು ಪತ್ರಾಗಾರದ್ದೇ ಲೆಕ್ಕ. ಗ್ರಾವೆಲ್ ಆವೃತ್ತಿಯಲ್ಲಿ ಐದನೇ ಭಾಗದ ಆಂತರಿಕ ದಾಖಲೆಗಳಲ್ಲಿ ಶೇಕಡ 80ರಷ್ಟು ಇರಲೇ ಇಲ್ಲ. ಇಲ್ಲಿ ಅವೆಲ್ಲವೂ ಇವೆ. ಪೂರ್ಣತೆಯೊಂದನ್ನೇ ಅಳತೆಗೋಲಾಗಿ ಇಟ್ಟುಕೊಂಡರೆ ಈ ಸೇವೆಗೆ ಸಾಟಿಯಿಲ್ಲ.

ಆ ಐದನೇ ಭಾಗವೇ ನನಗೆ ಇಡೀ ಸಂಗ್ರಹದ ಹೃದಯವಾಗಿ ಕಂಡಿತು. ವರದಿಕಾರರು ಅದನ್ನು ‘ಯುದ್ಧದ ಸಮರ್ಥನೆ’ ಎಂದು ಕರೆದು ಎರಡಾಗಿ ಒಡೆದಿದ್ದಾರೆ: ಒಂದರಲ್ಲಿ ಅಧ್ಯಕ್ಷರೂ ಮಂತ್ರಿಗಳೂ ಜನರ ಮುಂದೆ ಆಡಿದ ಮಾತುಗಳಿವೆ, ಇನ್ನೊಂದರಲ್ಲಿ ಅವರು ಬಾಗಿಲು ಹಾಕಿಕೊಂಡು ತಮ್ಮೊಳಗೆ ಬರೆದುಕೊಂಡ ಟಿಪ್ಪಣಿಗಳಿವೆ. ವರದಿಕಾರರು ಇವೆರಡನ್ನು ಹೋಲಿಸಿ ತೀರ್ಪು ಕೊಡುವ ಗೋಜಿಗೆ ಹೋಗುವುದಿಲ್ಲ. ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ದಿನಾಂಕ ಹಿಡಿದು ಓದುವವನಿಗೆ ತೀರ್ಪು ತಾನಾಗಿಯೇ ಕಾಣುತ್ತದೆ. ಈ ರೀತಿಯ ಓದು ಪತ್ರಿಕೆಯ ಕಂತುಗಳಲ್ಲಿ ಸಾಧ್ಯವಿರಲಿಲ್ಲ, ಗ್ರಾವೆಲ್ ಆವೃತ್ತಿಯಲ್ಲಿ ಅರೆಬರೆಯಾಗಿತ್ತು. ಅದನ್ನು ಸಾಧ್ಯಮಾಡಿದ್ದು ಈ ಸೇವೆಯ ದೊಡ್ಡ ಗುಣ.

ಬೇರೆ ಭಾಗಗಳಿಂದಲೂ ಒಂದೆರಡು ಮಾದರಿ ಕೊಡುತ್ತೇನೆ. 1945ರ ಅಕ್ಟೋಬರ್‌ನಿಂದ ಮುಂದಿನ ಫೆಬ್ರುವರಿಯವರೆಗೆ ಹೋ ಚಿ ಮಿನ್ ಅವರು ಫ್ರೆಂಚರ ವಸಾಹತು ಆಡಳಿತದ ವಿರುದ್ಧ ನೆರವು ಕೋರಿ ಅಮೆರಿಕದ ಅಧ್ಯಕ್ಷರಿಗೋ ವಿದೇಶಾಂಗ ಕಾರ್ಯದರ್ಶಿಗೋ ಕನಿಷ್ಠ ಎಂಟು ಬಾರಿ ಬರೆದರೆಂದೂ, ಉತ್ತರ ಹೋದದ್ದಕ್ಕೆ ದಾಖಲೆಯಿಲ್ಲವೆಂದೂ ಮೊದಲ ಭಾಗ ಹೇಳುತ್ತದೆ. ದಕ್ಷಿಣ ವಿಯೆಟ್ನಾಮಿನ ಅಧ್ಯಕ್ಷ ನ್ಗೊ ದಿನ್ಹ್ ಜ್ಯೆಮ್ 1963ರ ನವೆಂಬರ್‌ನಲ್ಲಿ ಸೇನಾ ಕ್ರಾಂತಿಯಲ್ಲಿ ಪದಚ್ಯುತರಾಗಿ ಕೊಲೆಯಾದ ಪ್ರಕರಣಕ್ಕೆ ಒಂದು ಇಡೀ ಸಂಪುಟ ಮೀಸಲಾಗಿದೆ; ಆ ಕ್ರಾಂತಿಯ ಹೊಣೆಯಲ್ಲಿ ಅಮೆರಿಕ ತನ್ನ ಪೂರ್ತಿ ಪಾಲನ್ನು ಒಪ್ಪಿಕೊಳ್ಳಬೇಕೆಂದು ಸರ್ಕಾರದ ಸಂಬಳದಲ್ಲಿದ್ದವರೇ ಅಲ್ಲಿ ಬರೆದಿದ್ದಾರೆ. ರಕ್ಷಣಾ ಇಲಾಖೆಯ ಸಹಾಯಕ ಕಾರ್ಯದರ್ಶಿ ಜಾನ್ ಮೆಕ್‌ನಾಟನ್ 1965ರ ಮಾರ್ಚ್‌ನ ಟಿಪ್ಪಣಿಯಲ್ಲಿ ಯುದ್ಧದ ಉದ್ದೇಶಗಳನ್ನು ಅಂಗಡಿಯ ಚೀಟಿ ಬರೆಯುವಂತೆ ಬರೆದಿದ್ದಾರೆ: ಶೇಕಡ 70ರಷ್ಟು ಅವಮಾನಕರ ಸೋಲನ್ನು ತಪ್ಪಿಸಿಕೊಳ್ಳುವುದು, ಶೇಕಡ 20ರಷ್ಟು ಆ ನೆಲ ಚೀನಾದ ಕೈಗೆ ಹೋಗದಂತೆ ನೋಡಿಕೊಳ್ಳುವುದು, ಶೇಕಡ 10ರಷ್ಟು ಅಲ್ಲಿನ ಜನ ಹೆಚ್ಚು ಒಳ್ಳೆಯ, ಹೆಚ್ಚು ಸ್ವತಂತ್ರವಾದ ಬದುಕು ಬಾಳುವಂತೆ ಮಾಡುವುದು. ಭಾಷಣಗಳಲ್ಲಿ ಆ ಕೊನೆಯ ಹತ್ತು ಭಾಗವೇ ಮೊದಲು ಬರುತ್ತಿತ್ತು. ಈ ಹಾಳೆಯಲ್ಲಿ ಹಡಗಿನ ದಾರಿಯಿಲ್ಲ, ಸಂಕೇತಲಿಪಿಯಿಲ್ಲ, ಗೂಢಚಾರನ ಹೆಸರಿಲ್ಲ. ಶತ್ರುವಿಗೆ ಇದರಿಂದ ಸಿಗುವ ಲಾಭವೇನೆಂದು ಎಷ್ಟು ಯೋಚಿಸಿದರೂ ನನಗೆ ಹೊಳೆಯಲಿಲ್ಲ.

ಹೀಗೆ ಯೋಚಿಸಿದವನು ನಾನೊಬ್ಬನೇ ಅಲ್ಲ. ಸರ್ಕಾರದ ಪರವಾಗಿ ಸುಪ್ರೀಂ ಕೋರ್ಟಿನಲ್ಲಿ ವಾದಿಸಿ, ಇದು ಹೊರಬಂದರೆ ದೇಶದ ಭದ್ರತೆಗೆ ಭಾರಿ ಹಾನಿ ಎಂದಿದ್ದ ಸಾಲಿಸಿಟರ್ ಜನರಲ್ ಅರ್ವಿನ್ ಗ್ರಿಸ್‌ವೋಲ್ಡ್ ಅವರೇ 1989ರಲ್ಲಿ ವಾಷಿಂಗ್ಟನ್ ಪೋಸ್ಟ್‌ನಲ್ಲಿ ಲೇಖನ ಬರೆದು, ಪ್ರಕಟಣೆಯಿಂದ ಭದ್ರತೆಗೆ ಅಪಾಯವಾದ ಕುರುಹು ತಮಗೆ ಎಲ್ಲಿಯೂ ಕಾಣಲಿಲ್ಲವೆಂದು ಒಪ್ಪಿಕೊಂಡರು. ಇನ್ನೊಂದು ಕಡೆಯ ಮಾತನ್ನೂ ಹೇಳಬೇಕು. ಶಾಂತಿ ಮಾತುಕತೆಗಳ ವಿವರವಿದ್ದ ನಾಲ್ಕು ಸಂಪುಟಗಳನ್ನು ಎಲ್ಸ್‌ಬರ್ಗ್ ಪತ್ರಿಕೆಗಳಿಗೆ ಕೊಡಲಿಲ್ಲ. ನಡೆಯುತ್ತಿದ್ದ ಸಂಧಾನಕ್ಕೆ ಅದರಿಂದ ಅಡ್ಡಿಯಾಗಬಾರದೆಂಬುದು ಅವರ ಎಣಿಕೆಯಾಗಿತ್ತು. ಯಾವುದನ್ನು ಮುಚ್ಚಿಡಬೇಕು ಎಂಬ ವಿವೇಕ ಮುದ್ರೆ ಒತ್ತುವ ಅಧಿಕಾರಿಗೆ ಮಾತ್ರ ಇರುತ್ತದೆ ಎಂಬ ವಾದಕ್ಕೆ ಆ ನಾಲ್ಕು ಸಂಪುಟಗಳೇ ಉತ್ತರ. ಅವೂ ಈಗ ಇಲ್ಲಿ ಆರನೇ ಭಾಗವಾಗಿ ಪೂರ್ಣವಾಗಿ ಸಿಗುತ್ತವೆ.

ನ್ಯಾಯಾಲಯದ ಕಥೆ ಹದಿನೈದು ದಿನಗಳದ್ದು. ಜೂನ್ 15ರಂದು ಸರ್ಕಾರದ ಕೋರಿಕೆಯ ಮೇರೆಗೆ ನ್ಯೂಯಾರ್ಕಿನ ನ್ಯಾಯಾಧೀಶ ಮುರ್ರೆ ಗರ್ಫೈನ್ ತಾತ್ಕಾಲಿಕ ತಡೆಯಾಜ್ಞೆ ಕೊಟ್ಟರು. ಹೊಸದಾಗಿ ಪೀಠ ಏರಿದ್ದ ಅವರಿಗೆ ಅದೇ ಮೊದಲ ಮೊಕದ್ದಮೆ. ಟೈಮ್ಸ್ ನಿಲ್ಲಿಸಿದಲ್ಲಿಂದ ಎನ್ನುವ ಹಾಗೆ ಜೂನ್ 18ರಂದು ವಾಷಿಂಗ್ಟನ್ ಪೋಸ್ಟ್ ಪ್ರಕಟಿಸತೊಡಗಿತು. ಮರುದಿನ ಗರ್ಫೈನ್ ಅವರೇ ಸರ್ಕಾರದ ಕೋರಿಕೆಯನ್ನು ತಳ್ಳಿಹಾಕಿದರೂ ಮೇಲ್ಮನವಿಯ ಕಾರಣದಿಂದ ತಡೆ ಮುಂದುವರಿಯಿತು. ಜೂನ್ 26ರಂದು ಸುಪ್ರೀಂ ಕೋರ್ಟ್ ವಾದ ಆಲಿಸಿ, 30ರಂದು ಆರು-ಮೂರರ ಬಹುಮತದಿಂದ ಪತ್ರಿಕೆಗಳ ಪರ ತೀರ್ಪಿತ್ತಿತು. ಪ್ರಕಟಣೆಗೆ ಮುನ್ನವೇ ತಡೆಯೊಡ್ಡುವುದನ್ನು ಸಮರ್ಥಿಸಲು ಬೇಕಾದ ಭಾರವಾದ ಹೊಣೆಯನ್ನು ಸರ್ಕಾರ ಹೊತ್ತು ತೋರಿಸಿಲ್ಲ ಎಂಬುದು ಆ ಆರು ಮಂದಿ ಒಪ್ಪಿದ ಸಣ್ಣ ತಿರುಳು. ಭಿನ್ನಮತದ ಮುಖ್ಯ ನ್ಯಾಯಮೂರ್ತಿ ವಾರೆನ್ ಬರ್ಗರ್ ಅವರ ದೂರು ಬೇರೆ: ಈ ಮೊಕದ್ದಮೆಯ ಸಂಗತಿಗಳೇ ನಮಗೆ ಗೊತ್ತಿಲ್ಲ, ಕೆಳಗಿನ ನ್ಯಾಯಾಧೀಶರಿಗೂ ಪೂರ್ತಿ ಗೊತ್ತಿರಲಿಲ್ಲ, ಅಷ್ಟು ಆತುರದಲ್ಲಿ ಎಲ್ಲವೂ ನಡೆದುಹೋಯಿತು ಎಂದು ಅವರು ಬರೆದರು. ಪಾಠ ಹೇಳುತ್ತಿದ್ದ ದಿನಗಳಲ್ಲಿ ನಾನು ಈ ಮಾತನ್ನು ಸೋತವರ ನೆಪವೆಂದು ತರಗತಿಯಲ್ಲಿ ತಮಾಷೆ ಮಾಡಿದ್ದುಂಟು. ಮೂರು ತಿಂಗಳು ಕುಳಿತರೂ ಅರ್ಧ ದಾಟದ ಈಗಿನ ನನಗೆ, ನಾಲ್ಕು ದಿನಗಳಲ್ಲಿ ಈ ರಾಶಿಯನ್ನು ತೂಗಿ ಹೇಳಬೇಕಾಗಿದ್ದವರ ಸಂಕಟ ಅರ್ಥವಾಗುತ್ತಿದೆ. ಆದರೆ ಅವರ ದೂರಿನಿಂದ ಅವರು ತೆಗೆದ ತೀರ್ಮಾನವನ್ನು ಈಗಲೂ ಒಪ್ಪಲಾರೆ: ಓದಲು ಸಮಯವಿಲ್ಲ ಎಂಬ ಕಾರಣಕ್ಕೆ ಓದುಗನ ಬಾಯಿಗೆ ಬೀಗ ಹಾಕುವುದು ತಲೆಕೆಳಗಾದ ನ್ಯಾಯ.

ತೀರ್ಪನ್ನು ಪತ್ರಿಕಾ ಸ್ವಾತಂತ್ರ್ಯದ ದೊಡ್ಡ ಗೆಲುವೆಂದು ಮಾತ್ರ ನೆನೆಯುವವರು ಅದೇ ಪೀಠದ ನ್ಯಾಯಮೂರ್ತಿ ಬೈರನ್ ವೈಟ್ ಅವರ ಅಭಿಪ್ರಾಯವನ್ನು ಓದಿರುವುದಿಲ್ಲ. ಬಹುಮತದ ಜೊತೆ ನಿಂತ ಅವರೇ, ಪಾಟರ್ ಸ್ಟೀವರ್ಟ್ ಅವರನ್ನೂ ಸೇರಿಸಿಕೊಂಡು, ಅಚ್ಚಾಗುವುದನ್ನು ತಡೆಯಲಾಗದು ಎಂದ ಮಾತ್ರಕ್ಕೆ ಅಚ್ಚಾದ ಮೇಲೆ ಅಪರಾಧದ ಮೊಕದ್ದಮೆ ಹೂಡಲಾಗದು ಎಂದರ್ಥವಲ್ಲ ಎಂದು ಎಚ್ಚರಿಸಿ, ಯಾವ ಕಾನೂನಿನ ಯಾವ ಸೆಕ್ಷನ್‌ಗಳು ಅನ್ವಯಿಸಬಹುದೆಂದೂ ಎಣಿಸಿ ತೋರಿಸಿದರು. ಅವುಗಳಲ್ಲಿ ಮುಖ್ಯವಾದದ್ದು ಮೊದಲ ಮಹಾಯುದ್ಧದ ಕಾಲದ, 1917ರ ಬೇಹುಗಾರಿಕೆ ಕಾಯ್ದೆ. ಆ ಕಾಯ್ದೆಯಲ್ಲಿ ಸಾರ್ವಜನಿಕ ಹಿತಕ್ಕಾಗಿ ಹೊರಗೆ ಹಾಕಿದೆ ಎನ್ನುವ ಸಮರ್ಥನೆಗೆ ಜಾಗವಿಲ್ಲ. ಎಲ್ಸ್‌ಬರ್ಗ್ ವಿಚಾರಣೆಯಲ್ಲಿ ಅವರ ವಕೀಲರು ಯಾಕೆ ನಕಲು ಮಾಡಿದಿರಿ ಎಂದು ಕೇಳಿದಾಗ ಸರ್ಕಾರಿ ವಕೀಲರು ಆಕ್ಷೇಪಿಸಿದರು, ನ್ಯಾಯಾಧೀಶರು ಆಕ್ಷೇಪವನ್ನು ಎತ್ತಿಹಿಡಿದರು. ಯಾಕೆ ಎಂಬ ಪ್ರಶ್ನೆಯೇ ಅಲ್ಲಿ ಅಪ್ರಸ್ತುತ. ಕೊನೆಗೆ 1973ರ ಮೇ 11ರಂದು ನ್ಯಾಯಾಧೀಶ ಮ್ಯಾಥ್ಯೂ ಬರ್ನ್ ಮೊಕದ್ದಮೆಯನ್ನು ವಜಾ ಮಾಡಿದ್ದು ಪತ್ರಿಕಾ ಸ್ವಾತಂತ್ರ್ಯದ ಹೆಸರಿನಲ್ಲಲ್ಲ. ಶ್ವೇತಭವನದ ಜನ ಎಲ್ಸ್‌ಬರ್ಗ್ ಅವರ ಮನೋವೈದ್ಯರ ಕಚೇರಿಗೆ ಕನ್ನ ಹಾಕಿದ್ದರು, ಅವರ ಮಾತುಗಳನ್ನು ಕದ್ದು ಕೇಳಿದ ದಾಖಲೆಗಳು ಕಾಣೆಯಾಗಿದ್ದವು. ಸಾಲದೆಂಬಂತೆ ವಿಚಾರಣೆ ನಡೆಯುತ್ತಿರುವಾಗಲೇ ನ್ಯಾಯಾಧೀಶರಿಗೆ ಎಫ್‌ಬಿಐ ಮುಖ್ಯಸ್ಥನ ಹುದ್ದೆಯ ಮಾತು ಬಂದಿತ್ತು. ಸರ್ಕಾರ ಸ್ವಲ್ಪ ನಯವಾಗಿ ನಡೆದುಕೊಂಡಿದ್ದರೆ ಎಲ್ಸ್‌ಬರ್ಗ್ ಜೈಲಿನಲ್ಲಿ ಮುದುಕರಾಗಬೇಕಿತ್ತು.

ವೈಟ್ ತೋರಿಸಿದ ಆ ಬಾಗಿಲು ಬಹುಕಾಲ ಮುಚ್ಚಿಯೇ ಇತ್ತು. ಮಾಹಿತಿ ಕೊಟ್ಟ ನೌಕರರ ಮೇಲೆ ಕಾಯ್ದೆಯನ್ನು ಬಳಸಿದರು. ಸೇನೆಯ ಗುಟ್ಟಿನ ದಾಖಲೆಗಳನ್ನು ವಿಕಿಲೀಕ್ಸ್ ಎಂಬ ಜಾಲತಾಣಕ್ಕೆ ಕೊಟ್ಟ ಸೈನಿಕ ಚೆಲ್ಸಿ ಮ್ಯಾನಿಂಗ್ ಅವರಿಗೆ 2013ರಲ್ಲಿ 35 ವರ್ಷಗಳ ಶಿಕ್ಷೆಯಾಗಿ 2017ರಲ್ಲಿ ಅದು ಕಡಿತಗೊಂಡಿತು. ಆದರೆ ಪ್ರಕಟಿಸಿದವರ ತಂಟೆಗೆ ಹೋಗಿರಲಿಲ್ಲ. 2019ರ ಮೇ ತಿಂಗಳಲ್ಲಿ ವಿಕಿಲೀಕ್ಸ್‌ನ ಜೂಲಿಯನ್ ಅಸಾಂಜ್ ಅವರ ಮೇಲೆ ಹೊರಿಸಿದ ಹದಿನೆಂಟು ಆರೋಪಗಳಲ್ಲಿ ಹದಿನೇಳು ಈ ಕಾಯ್ದೆಯಡಿ ಇದ್ದವು; ಕೆಲವು ಕೇವಲ ಪ್ರಕಟಿಸಿದ್ದಕ್ಕೆ ಸಂಬಂಧಿಸಿದ್ದವು. ಅವರ ಗಡೀಪಾರು ವಿಚಾರಣೆಯಲ್ಲಿ 2020ರಲ್ಲಿ ಎಲ್ಸ್‌ಬರ್ಗ್ ಅವರೇ ಸಾಕ್ಷಿ ನುಡಿದರು. 2024ರ ಜೂನ್‌ನಲ್ಲಿ ಪೆಸಿಫಿಕ್ ದ್ವೀಪ ಸೈಪಾನ್‌ನ ನ್ಯಾಯಾಲಯದಲ್ಲಿ ಅಸಾಂಜ್ ಒಂದು ಆರೋಪವನ್ನು ಒಪ್ಪಿಕೊಂಡು, ಬ್ರಿಟನ್ನಿನ ಜೈಲಿನಲ್ಲಿ ಆಗಲೇ ಕಳೆದಿದ್ದ 62 ತಿಂಗಳನ್ನೇ ಶಿಕ್ಷೆಯಾಗಿ ಪಡೆದು ಮನೆಗೆ ಹೋದರು. ಒಪ್ಪಂದದಲ್ಲಿ ಮುಗಿದ ಮೊಕದ್ದಮೆಯಾದ್ದರಿಂದ ವೈಟ್ ಎತ್ತಿದ ಪ್ರಶ್ನೆಗೆ ಮೇಲಿನ ನ್ಯಾಯಾಲಯದ ಉತ್ತರ ಸಿಗಲೇ ಇಲ್ಲ. ಅಸಾಂಜ್ ಅವರ ನಡವಳಿಕೆಯಲ್ಲಿ ಮೆಚ್ಚಲಾಗದ್ದು ನನಗೆ ಬಹಳಷ್ಟಿದೆ. ಮ್ಯಾನಿಂಗ್ ಕೊಟ್ಟದ್ದನ್ನು ಅಚ್ಚುಹಾಕಿದ ಸಂಪಾದಕರೆಲ್ಲರೂ ಅದೇ ಸೆಕ್ಷನ್‌ನ ನೆರಳಿನಲ್ಲಿ ಕುಳಿತಿದ್ದಾರೆ ಎಂಬುದು ಅದರಿಂದ ಬದಲಾಗುವುದಿಲ್ಲ.

ಈಗ ಜೆರಾಕ್ಸ್ ಅಂಗಡಿಯ ಹುಡುಗನ ಅನುಮಾನಕ್ಕೆ ಬರುತ್ತೇನೆ. ನಮ್ಮಲ್ಲಿ ಬ್ರಿಟಿಷರು ಬಿಟ್ಟುಹೋದ 1923ರ ಅಧಿಕೃತ ರಹಸ್ಯ ಕಾಯ್ದೆ ಇನ್ನೂ ಜೀವಂತವಾಗಿದೆ, ಅದರ ಐದನೇ ಸೆಕ್ಷನ್ ಕೊಟ್ಟವನನ್ನು ಹಿಡಿಯುವಂತೆಯೇ ಪಡೆದವನನ್ನೂ ಹಿಡಿಯುತ್ತದೆ. ಕಾಶ್ಮೀರ್ ಟೈಮ್ಸ್ ಪತ್ರಿಕೆಯ ದೆಹಲಿ ಪ್ರತಿನಿಧಿ ಇಫ್ತಿಕಾರ್ ಗಿಲಾನಿ 2002ರ ಜೂನ್‌ನಲ್ಲಿ ಈ ಕಾಯ್ದೆಯಡಿ ಬಂಧಿತರಾಗಿ ಏಳು ತಿಂಗಳು ತಿಹಾರ್ ಜೈಲಿನಲ್ಲಿದ್ದರು. ಅವರ ಕಂಪ್ಯೂಟರಿನಲ್ಲಿ ಸಿಕ್ಕಿದ್ದು ಅಂತರಜಾಲದಲ್ಲಿ ಯಾರಿಗೆ ಬೇಕಾದರೂ ಸಿಗುತ್ತಿದ್ದ ಪ್ರಕಟಿತ ಬರಹ. ಸರ್ಕಾರ ಮೊಕದ್ದಮೆಯನ್ನು ಹಿಂತೆಗೆದುಕೊಂಡ ಮೇಲೆ 2003ರ ಜನವರಿಯಲ್ಲಿ ಅವರು ಹೊರಬಂದರು. ಉಚಿತವಾಗಿ ಇಳಿಸಿಕೊಂಡ ಕಡತಕ್ಕೂ ಇಂಥ ಬೆಲೆ ತೆರಬೇಕಾಗಬಹುದಾದ ನಾಡಿನಲ್ಲಿ ಹಾಳೆಯ ಮೇಲಿನ ಮುದ್ರೆ ನೋಡಿ ಮಾಲೀಕರನ್ನು ಕೇಳಿ ಬಂದ ಹುಡುಗನದು ಅತಿಯಾದ ಭಯವೇನಲ್ಲ.

ಈ ಕಡತಗಳ ಸುತ್ತ ಹುಟ್ಟಿದ ಅಮೆರಿಕದ ತೀರ್ಪು ನಮ್ಮ ಸುಪ್ರೀಂ ಕೋರ್ಟಿನಲ್ಲಿಯೂ ಕೆಲಸಕ್ಕೆ ಬಂದಿದೆ. ರಫೇಲ್ ಯುದ್ಧವಿಮಾನ ಖರೀದಿಯ ಕಡತದ ಪುಟಗಳನ್ನು 2019ರ ಫೆಬ್ರುವರಿಯಿಂದ ದಿ ಹಿಂದೂ ಪತ್ರಿಕೆ ಪ್ರಕಟಿಸಿದಾಗ, ಆಗಿನ ಅಟಾರ್ನಿ ಜನರಲ್ ಕೆ.ಕೆ. ವೇಣುಗೋಪಾಲ್ ಅವು ರಕ್ಷಣಾ ಇಲಾಖೆಯಿಂದ ಕಳುವಾದ ಕಾಗದಗಳೆಂದೂ, ನ್ಯಾಯಾಲಯ ಅವನ್ನು ನೋಡಬಾರದೆಂದೂ ವಾದಿಸಿದರು. ಬಳಿಕ ಕಳುವಾದದ್ದು ಮೂಲವಲ್ಲ, ನಕಲು ಎಂದು ತಿದ್ದಿಕೊಂಡರು. ಮುಖ್ಯ ನ್ಯಾಯಮೂರ್ತಿ ರಂಜನ್ ಗೊಗೊಯ್ ಅವರ ಪೀಠ ಏಪ್ರಿಲ್ 10ರಂದು ಆ ಆಕ್ಷೇಪವನ್ನು ತಳ್ಳಿಹಾಕುವಾಗ 1971ರ ಈ ತೀರ್ಪನ್ನು ಉಲ್ಲೇಖಿಸಿತು. ರಹಸ್ಯವೆಂದು ಗುರುತಾದ ದಾಖಲೆಯ ಪ್ರಕಟಣೆಯನ್ನು ತಡೆಯುವ ಅಧಿಕಾರವನ್ನು ಅಧಿಕೃತ ರಹಸ್ಯ ಕಾಯ್ದೆಯಾಗಲಿ ಬೇರೆ ಶಾಸನವಾಗಲಿ ಸರ್ಕಾರಕ್ಕೆ ಕೊಟ್ಟಿರುವುದನ್ನು ಯಾರೂ ತಮಗೆ ತೋರಿಸಿಲ್ಲ ಎಂದು ಅದು ಹೇಳಿತು. ಖರೀದಿಯ ಬಗ್ಗೆ ಈ ಪುಟಗಳನ್ನು ಮುಂದಿಟ್ಟಿದ್ದ ಮರುಪರಿಶೀಲನಾ ಅರ್ಜಿಗಳು ಅದೇ ವರ್ಷದ ನವೆಂಬರ್‌ನಲ್ಲಿ ವಜಾ ಆದವು, ಅದು ಬೇರೆ ವಿಷಯ. ಇಲ್ಲಿಯೂ ಇತ್ಯರ್ಥವಾದದ್ದು ಅಚ್ಚಿಗೆ ಮುನ್ನಿನ ತಡೆಯ ಪ್ರಶ್ನೆ. ಅಚ್ಚಾದ ಮೇಲಿನ ಐದನೇ ಸೆಕ್ಷನ್ ಹಾಗೆಯೇ ಕುಳಿತಿದೆ.

ಈ ಸೇವೆಯನ್ನು ಬಳಸುತ್ತಿರುವಾಗ ನನಗೆ ಮತ್ತೆ ಮತ್ತೆ ನೆನಪಾದದ್ದು 1962ರ ಚೀನಾ ಯುದ್ಧದ ಸೋಲನ್ನು ಕುರಿತು ಲೆಫ್ಟಿನೆಂಟ್ ಜನರಲ್ ಹೆಂಡರ್ಸನ್ ಬ್ರೂಕ್ಸ್ ಮತ್ತು ಬ್ರಿಗೇಡಿಯರ್ ಪ್ರೇಮ್ ಭಗತ್ ಬರೆದ ವರದಿ. 1963ರಲ್ಲಿ ಸಿದ್ಧವಾದ ಅದನ್ನು ನಮ್ಮ ಸರ್ಕಾರ ಅಧಿಕೃತವಾಗಿ ಪ್ರಕಟಿಸಿಲ್ಲ. 2010ರಲ್ಲಿಯೂ ರಕ್ಷಣಾ ಮಂತ್ರಿಯವರು ಅದು ಇಂದಿನ ಕಾರ್ಯಾಚರಣೆಗೂ ಮುಖ್ಯವಾದದ್ದೆಂದು ಸಂಸತ್ತಿಗೆ ತಿಳಿಸಿದ್ದರು. ಅದರ ಒಂದು ಭಾಗವನ್ನು ಭಾರತೀಯ ಓದುಗ ನೋಡಿದ್ದು 2014ರ ಮಾರ್ಚ್‌ನಲ್ಲಿ, ನೆವಿಲ್ ಮ್ಯಾಕ್ಸ್‌ವೆಲ್ ಎಂಬ ವಿದೇಶಿ ಪತ್ರಕರ್ತ ತನ್ನ ಬಳಿ ದಶಕಗಳಿಂದ ಇದ್ದ ಪ್ರತಿಯನ್ನು ಅಂತರಜಾಲಕ್ಕೆ ಹಾಕಿದಾಗ.

ಸೇವೆಯ ಕೊರತೆಗಳಿಗೆ ಬಂದರೆ, ಮೊದಲನೆಯದು ಅದರ ಪೀಠಿಕೆ. ವರದಿಯ ಸಣ್ಣ ಭಾಗಗಳು 1971ರಲ್ಲಿ ಪತ್ರಿಕೆಗಳಿಗೆ ಸೋರಿಕೆಯಾದವು, ಅದರಿಂದ ಬಂದ ಪ್ರಕಟಣೆಗಳು ಅಪೂರ್ಣವಾಗಿದ್ದವು, ಅವುಗಳ ಗುಣಮಟ್ಟದಲ್ಲಿಯೂ ದೋಷಗಳಿದ್ದವು ಎಂಬಷ್ಟನ್ನು ಅದು ಹೇಳುತ್ತದೆ. ಮಾತು ನಿಜ. ಆದರೆ ಕಳ್ಳತನದ ನಕಲಿನಲ್ಲಿ ಅಕ್ಷರ ಮಸುಕಾಗಿದೆ ಎಂದು ನಲವತ್ತು ವರ್ಷ ತಡವಾಗಿ ಬಂದ ಒಡೆಯನೇ ಹೇಳುವುದನ್ನು ಕೇಳಿದರೆ ನಗು ಬರುತ್ತದೆ. ಕತ್ತರಿ ಹಿಡಿದ ಆ ಹುಡುಗಿ ಇಲ್ಲದಿದ್ದರೆ ಈ ಕಡತಗಳನ್ನು ಹುಡುಕಿಕೊಂಡು ಬರುವವರು ಯಾರಿರುತ್ತಿದ್ದರು? ಎರಡನೆಯದಾಗಿ, ಇವು ಬೆರಳಚ್ಚಿನ ಹಾಳೆಗಳ ಚಿತ್ರಗಳು. ಹೊಸ ಓದುಗನಿಗೆ ಕೈಹಿಡಿದು ನಡೆಸುವ ಟಿಪ್ಪಣಿ, ವ್ಯಕ್ತಿಪರಿಚಯ, ನಕ್ಷೆಗಳ ಹೊಸ ಜೋಡಣೆ ಯಾವುದೂ ಇಲ್ಲ. ರೋಮನ್ ಅಂಕಿ, ಇಂಗ್ಲಿಷ್ ಅಕ್ಷರ, ಮತ್ತೆ ಅಂಕಿ ಎಂಬ ವರದಿಯ ವಿಂಗಡಣೆಗೆ ಹೊಂದಿಕೊಳ್ಳಲು ನನಗೆ ಒಂದು ವಾರವೇ ಬೇಕಾಯಿತು.

ಹನ್ನೊಂದು ಪದಗಳ ಪ್ರಸಂಗವನ್ನೂ ಹೇಳಲೇಬೇಕು. ಬಿಡುಗಡೆಗೆ ಮುನ್ನ, ಏಳು ಸಾವಿರ ಪುಟಗಳ ಪೈಕಿ ಒಂದೇ ಪುಟದ ಹನ್ನೊಂದು ಪದಗಳನ್ನು ಮಾತ್ರ ಮರೆಮಾಡಲಾಗುವುದು ಎಂದು ಅಧಿಕಾರಿಗಳು ಪ್ರಕಟಿಸಿದ್ದರು. ಆಮೇಲೆ ಅವೇ ಪದಗಳು ಸರ್ಕಾರವೇ ಹಿಂದೆ ಹೊರತಂದ ಆವೃತ್ತಿಯಲ್ಲಿ ಅಚ್ಚಾಗಿವೆ ಎಂಬುದು ತಿಳಿದು ಆ ಯೋಚನೆಯನ್ನು ಕೈಬಿಟ್ಟರು. ಯಾವ ಹನ್ನೊಂದು ಪದ ಎಂಬುದನ್ನು ಅವರು ಹೇಳಲಿಲ್ಲ. ಅವು ಈಗ ಎಲ್ಲರ ಕಣ್ಣ ಮುಂದೆಯೇ ಇವೆ. ಗುಟ್ಟೆಂದು ಯಾರೂ ತೋರಿಸದೆ ಇರುವುದರಿಂದ ಗುಟ್ಟಾಗಿಯೇ ಉಳಿದಿವೆ.

ಹೊಸದಾಗಿ ಓದಲು ಹೊರಡುವವರು ಮೊದಲಿನಿಂದ ಕೊನೆಯವರೆಗೆ ಓದುವ ಹಟ ಹಿಡಿಯಬಾರದು. ಸೂಚಿಯ ಕಡತದಲ್ಲಿ ಗೆಲ್ಬ್ ಅವರು ಕ್ಲಿಫರ್ಡ್‌ಗೆ ಬರೆದ ಪತ್ರವಿದೆ. ತಮಗೆ ಶ್ವೇತಭವನದ ಕಡತಗಳು ಸಿಗಲಿಲ್ಲ, ನಡೆಯುತ್ತಿರುವ ಸಂಗತಿಯ ಇತಿಹಾಸ ಬರೆಯುವುದು ಮೋಸಹೋಗಬಹುದಾದ ಕೆಲಸ ಎಂದು ಅವರು ಅದರಲ್ಲಿ ಮೊದಲೇ ಒಪ್ಪಿಕೊಂಡಿದ್ದಾರೆ. ಅಲ್ಲಿಂದ ತೊಡಗಿ, ನಾಲ್ಕನೇ ಭಾಗದ ಜ್ಯೆಮ್ ಸಂಪುಟವನ್ನು ಓದಿ, ಆಮೇಲೆ ಐದನೇ ಭಾಗದ ಎರಡು ಅಂಗಗಳನ್ನು ಅಕ್ಕಪಕ್ಕ ಇಟ್ಟುಕೊಳ್ಳುವುದು ಒಳ್ಳೆಯ ದಾರಿ. ಅಂಗಡಿಯಲ್ಲಿ ಮುದ್ರಿಸಿಕೊಳ್ಳುವವರು ಹಾಳೆಯ ತಲೆಯ ಮೇಲಿನ ಇನ್ನೊಂದು ಸಣ್ಣ ಸಾಲನ್ನು, ಅಂದರೆ 13526ನೇ ಸಂಖ್ಯೆಯ ಆದೇಶದಂತೆ 2011ರಲ್ಲಿ ರಹಸ್ಯ ತೆರವಾಗಿದೆ ಎಂಬುದನ್ನು, ಯಂತ್ರದ ಮುಂದಿರುವವರಿಗೆ ಮೊದಲೇ ತೋರಿಸಿದರೆ ಮಾಲೀಕರು ಬಂದು ನೋಡುವವರೆಗೆ ಕಾಯಬೇಕಾಗುವುದಿಲ್ಲ.